ಬಿಚ್ಚಿದರೆ ಕೂಡದ ಪಿಸ್ತೂಲು

ಅಮೆರಿಕದ ಬಂದೂಕು ರಿಪೇರಿಯವರ ನಡುವೆ ಬಹುಕಾಲ ಓಡಾಡಿದ ಒಂದು ತಮಾಷೆಯಿದೆ. ಗಿರಾಕಿ ಅಂಗಡಿಗೆ ಬರುತ್ತಾನೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಮುಖದಲ್ಲಿ ಸಂಕೋಚ. ಚೀಲದಲ್ಲಿ ಏನಿದೆ ಎಂದು ಅಂಗಡಿಯವನು ಕೇಳುವುದೇ ಇಲ್ಲ. ‘ರೂಗರ್ ತಾನೆ? ಅಲ್ಲಿಟ್ಟು ಹೋಗಿ, ನಾಳೆ ಬನ್ನಿ’ ಅನ್ನುತ್ತಾನೆ. ಚೀಲದಲ್ಲಿರುವ ಪಿಸ್ತೂಲು ಕೆಟ್ಟದ್ದಲ್ಲ, ನಿನ್ನೆಯವರೆಗೂ ಗುರಿ ತಪ್ಪದೆ ಹೊಡೆಯುತ್ತಿದ್ದದ್ದು. ಒಳಗೆ ಮಸಿ ಕಟ್ಟಿದೆ, ಒರೆಸಿಡೋಣ ಎಂದು ಬಿಚ್ಚಿದ್ದಾನೆ. ಬಿಚ್ಚಿದ್ದು ಮತ್ತೆ ಕೂಡಿಲ್ಲ.

ರೂಗರ್ ಕಂಪನಿಯ ಈ ಪಿಸ್ತೂಲು ಮಾರುಕಟ್ಟೆಗೆ ಬಂದದ್ದು 1949ರಲ್ಲಿ. ಅದನ್ನು ಸಲೀಸಾಗಿ ಬಿಚ್ಚಿ ಕೂಡಿಸುವ ಉಪಾಯವನ್ನು ಅದೇ ಕಂಪನಿ ಮಾಡಿ ತೋರಿಸಿದ್ದು 2016ರಲ್ಲಿ. ನಡುವೆ ಕಳೆದದ್ದು 67 ವರ್ಷ. ಅಷ್ಟೂ ಕಾಲ ಜನ ಬೈದುಕೊಂಡೇ ಕೊಂಡರು, ಕೊಂಡದ್ದನ್ನು ಮಕ್ಕಳಿಗೆ ದಾಟಿಸಿದರು. ಸುಲಭದ ದಾರಿ ಕೊನೆಗೂ ಸಿಕ್ಕಾಗ ಅದರ ಬೆನ್ನಿಗೇ ಹೊಸ ತೊಡಕೊಂದು ಹೊರಬಿತ್ತು. ಅಲ್ಲಿಗೆ ಆಮೇಲೆ ಬರೋಣ. ಮೊದಲು ತೋಟಾದ ವಿಚಾರ ಆಗಬೇಕು, ಏಕೆಂದರೆ ಪಿಸ್ತೂಲನ್ನು ಪದೇಪದೇ ಬಿಚ್ಚಬೇಕಾಗುವುದು ಅದರ ದೆಸೆಯಿಂದಲೇ.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರಿಗೆ ‘ಪಾಯಿಂಟ್ ಟೂ ಟೂ’ ಗೊತ್ತಿರುತ್ತದೆ. ಹೊಟ್ಟೆ ಅಡಿಮಾಡಿ ಮಲಗಿಸಿ, ಎಣಿಸಿ ಕೈಗೆ ಕೊಡುವ ಪುಟ್ಟ ಹಿತ್ತಾಳೆ ತೋಟಾ ಅದು. ಜಾತಿಯಲ್ಲಿ ರಿಮ್‌ಫೈರ್. ಇದು ಹುಟ್ಟಿದ ಬಗೆ ಮಲೆನಾಡಿನವರಿಗೆ ಬೇಗ ತಿಳಿದೀತು, ಕೇಪಿನ ಕೋವಿ ಕಂಡವರು ಅವರು. ಕೇಪು ಎಂದರೆ ಬಡಿದರೆ ಕಿಡಿ ಕಾರುವ ಮದ್ದು ಹಚ್ಚಿದ ಸಣ್ಣ ಲೋಹದ ಟೊಪ್ಪಿಗೆ. ಪ್ಯಾರಿಸ್ಸಿನ ಲೂಯಿ ನಿಕೊಲಾ ಫ್ಲೋಬೇರ್ 1845ರಲ್ಲಿ ಮಾಡಿದ್ದು ಇಷ್ಟೇ: ಕೇಪಿನ ಬಾಯಿಗೆ ಒಂದು ಸೀಸದ ಗುಂಡು ಸಿಕ್ಕಿಸಿದ. ಬೇರೆ ಮದ್ದೇ ಇಲ್ಲ. ಕೇಪಿನ ಸಿಡಿತವೇ ಗುಂಡನ್ನು ತಳ್ಳಬೇಕು. ಶ್ರೀಮಂತರು ಮನೆಯ ಪಡಸಾಲೆಯಲ್ಲೇ ನಿಂತು ಗುರಿ ಹೊಡೆಯುವ ಆಟಕ್ಕೆ ಅಷ್ಟು ಸಾಕಾಗಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯವರು ಕೊಳವೆಯನ್ನು ಉದ್ದ ಮಾಡಿ, ಕರಿಮದ್ದು ತುಂಬಿ, ಅದಕ್ಕೊಂದು ರಿವಾಲ್ವರ್ ಕಟ್ಟಿದರು. 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂದ ‘.22 ಲಾಂಗ್ ರೈಫಲ್’ ತೋಟಾ ಇಂದಿಗೂ ನಡೆಯುತ್ತಿದೆ. ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತವಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಆದರೆ ಆ ಅಗ್ಗಕ್ಕೆ ಬೆಲೆ ಇದೆ. ದೊಡ್ಡ ತೋಟಾಗಳಲ್ಲಿ ಬುಡದ ನಟ್ಟನಡುವೆ ಬೇರೆಯೇ ಒಂದು ಕೇಪು ಕೂಡಿಸಿರುತ್ತಾರೆ. ಇಲ್ಲಿ ಹಾಗಲ್ಲ. ಬುಡದ ಸುತ್ತ ಹೊರಚಾಚಿದ ಅಂಚು ಟೊಳ್ಳು. ಕಿಡಿಮದ್ದನ್ನು ಹಸಿಯಾಗಿ ಕೊಳವೆಯೊಳಗೆ ಹಾಕಿ ಗಿರ್ರನೆ ತಿರುಗಿಸಿ, ಅಂಚಿನೊಳಕ್ಕೆ ಸುತ್ತಲೂ ಹರಡುವಂತೆ ಮಾಡುತ್ತಾರೆ. ಎಲ್ಲೋ ಒಂದು ಕಡೆ ಮದ್ದು ಹರಡದೆ ಉಳಿದು, ಪಿಸ್ತೂಲಿನ ಮೊಳೆ ಸರಿಯಾಗಿ ಅಲ್ಲೇ ಬಡಿದರೆ ‘ಟಕ್’ ಎಂಬ ಸದ್ದು ಬಿಟ್ಟು ಇನ್ನೇನೂ ಆಗುವುದಿಲ್ಲ. ಅದೇ ತೋಟಾವನ್ನು ತುಸು ತಿರುಗಿಸಿ ಇನ್ನೊಂದು ಬದಿಗೆ ಬಡಿದರೆ ಹಾರುವುದೂ ಉಂಟು. ಹೊಸ ಪಿಸ್ತೂಲು ಕೊಂಡವರು ‘ಇದು ಮೋಸ, ಹತ್ತರಲ್ಲಿ ಒಂದು ಹಾರುವುದಿಲ್ಲ’ ಎಂದು ದೂರುವಾಗ ತಪ್ಪು ಎಷ್ಟೋ ಸಲ ಪಿಸ್ತೂಲಿನದಾಗಿರುವುದಿಲ್ಲ, ತೋಟಾದ್ದಾಗಿರುತ್ತದೆ.

ಆ ಅಂಚು ಇನ್ನೊಂದು ಕೀಟಲೆಯನ್ನೂ ಮಾಡುತ್ತದೆ. ಮ್ಯಾಗಜಿನ್ನಿನಲ್ಲಿ ತೋಟಾಗಳು ಒಂದರ ಮೇಲೊಂದು ಕೂತಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ, ತೋಟಾವನ್ನು ನಳಿಗೆಯ ಕಡೆಗೆ ದೂಡುವ ಬೋಲ್ಟು ಎಷ್ಟು ತಳ್ಳಿದರೂ ಮುಂದೆ ಬರುವುದಿಲ್ಲ. ಇನ್ನು ತ್ರಾಣದ ಮಾತು. ಈ ಗುಂಡಿನ ತೂಕ ಸುಮಾರು 2.6 ಗ್ರಾಂ. ಪೊಲೀಸರ 9 ಎಂಎಂ ಪಿಸ್ತೂಲಿನ ಗುಂಡು ಇದರ ಮೂರು ಪಟ್ಟು ತೂಗುತ್ತದೆ. ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲಿಗೆ ಬೋಲ್ಟನ್ನು ಹಿಂದಕ್ಕೆ ಒದ್ದು, ಖಾಲಿ ಕೊಳವೆಯನ್ನು ಹೊರಗೆಸೆದು, ಮೊಳೆಯನ್ನು ಬಡಿಯುವ ಹ್ಯಾಮರನ್ನು ಬಾಗಿಸುವ ಶಕ್ತಿ ಬರುವುದು ಗುಂಡಿನ ಹಿಮ್ಮೊದೆತದಿಂದಲೇ. ಇಲ್ಲಿ ಆ ಒದೆತ ಅಷ್ಟಕ್ಕಷ್ಟೆ. ಬೋಲ್ಟು ತುಸು ಭಾರವಾದರೂ, ಸ್ಪ್ರಿಂಗು ತುಸು ಬಿಗಿಯಾದರೂ, ಒಳಗೆ ಒಂದಿಷ್ಟು ಜಿಡ್ಡು ಸೇರಿದರೂ ಅರ್ಧದಾರಿಯಲ್ಲಿ ನಿಲ್ಲುತ್ತದೆ.

ಮತ್ತು ಜಿಡ್ಡು ಸೇರಿಯೇ ಸೇರುತ್ತದೆ. ಗುಂಡಿಗೆ ಹೊರಗಿನಿಂದ ಮೇಣ ಬಳಿದಿರುತ್ತಾರೆ. ಹೊಡೆದಾಗ ಮೇಣ, ಸೀಸದ ಪುಡಿ, ಅರೆಬೆಂದ ಮದ್ದು ಎಲ್ಲವೂ ಬೋಲ್ಟಿನ ಕಡೆಗೇ ಉಗುಳಿಕೊಂಡು ಬರುತ್ತವೆ. ಕೆಲವು ನೂರು ಈಡುಗಳಾದ ಮೇಲೆ ಒಳಗೆ ಕರೀ ಅಂಟು. ಒರೆಸದೆ ಗತಿಯಿಲ್ಲ.

ಒಂದೊಂದೇ ತೋಟಾವನ್ನು ಕೈಯಿಂದ ತುಂಬುವ ಪಿಸ್ತೂಲಿಗೆ ಈ ರಗಳೆಯಲ್ಲಿ ಬಹುಪಾಲು ಇಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ ಹೊಡೆದ 50 ಮೀಟರ್ ಪಿಸ್ತೂಲು ಸ್ಪರ್ಧೆಯದು ಅದೇ .22 ತೋಟಾ, ಆದರೆ ಒಂದು ಸಲಕ್ಕೆ ಒಂದೇ. ಮ್ಯಾಗಜಿನ್ ಇಲ್ಲ, ಕೊಕ್ಕೆ ಬೀಳುವ ಅಂಚೂ ಇಲ್ಲ. ಆ ಸ್ಪರ್ಧೆ ಒಲಿಂಪಿಕ್ಸಿನಲ್ಲಿ ನಡೆದದ್ದು ಅದೇ ಕೊನೆ. ತಾನಾಗಿ ತುಂಬಿಕೊಳ್ಳುವ ಪಿಸ್ತೂಲು ಬೇಕೆಂದವರಿಗೆ ಮಾತ್ರ ಶತಮಾನದುದ್ದಕ್ಕೂ ಈ ಸಣ್ಣ ತೋಟಾ ತಲೆ ತಿನ್ನುತ್ತಲೇ ಬಂದಿದೆ.

ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿ, ಕೋಲ್ಟ್ ಕಂಪನಿ 1915ರಲ್ಲಿ ತಂದ ಪಿಸ್ತೂಲು (ಮುಂದೆ ಅದಕ್ಕೆ ವುಡ್ಸ್‌ಮನ್ ಎಂಬ ಹೆಸರಾಯಿತು) ಹಗುರವಾಗಿತ್ತು, ಹಾಗಾಗಿ ನಡೆಯಿತು. ಅದೇ ಕೋಲ್ಟ್ 1931ರಲ್ಲಿ ಸೈನ್ಯದ ದೊಡ್ಡ .45 ಪಿಸ್ತೂಲಿನ ಮೈಯನ್ನೇ ಇಟ್ಟುಕೊಂಡು .22 ಹೊಡೆಯುವ ‘ಏಸ್’ ಮಾಡಿತು. ಅಭ್ಯಾಸಕ್ಕೆ ಅಗ್ಗವಾಗಲಿ ಎಂಬ ಲೆಕ್ಕ. ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆ ದೂಡಲು ಈ ಬಡ ತೋಟಾಕ್ಕೆ ಶಕ್ತಿ ಸಾಲದೆ ಏದುಸಿರು ಬಿಟ್ಟಿತು.

ಅದಕ್ಕೆ ಪರಿಹಾರ ಬಂದದ್ದು ಜೈಲಿನಿಂದ. ನಾರ್ತ್ ಕ್ಯಾರೊಲಿನಾದ ಡೇವಿಡ್ ಮಾರ್ಷಲ್ ವಿಲಿಯಮ್ಸ್ ಕಳ್ಳಬಟ್ಟಿ ಕಾಯಿಸುತ್ತಿದ್ದವ. 1921ರಲ್ಲಿ ಪೊಲೀಸರು ಅವನ ಭಟ್ಟಿಯ ಮೇಲೆ ಬಿದ್ದಾಗ ನಡೆದ ಗುಂಡಿನ ಚಕಮಕಿಯಲ್ಲಿ ಒಬ್ಬ ಉಪ ಶೆರಿಫ್ ಸತ್ತ, ಇವನಿಗೆ 30 ವರ್ಷ ಶಿಕ್ಷೆಯಾಯಿತು. ಸೆರೆಮನೆಯ ಕಮ್ಮಟದಲ್ಲಿ ಕೆಲಸ ಕೊಟ್ಟಿದ್ದರು, ಅಲ್ಲಿ ಕೂತು ಅವನು ಕೋವಿಗಳನ್ನೇ ಕಟ್ಟತೊಡಗಿದ. ಮೇಲಧಿಕಾರಿ ತಡೆಯಲಿಲ್ಲ ಎಂಬುದು ನನಗೆ ಇಂದಿಗೂ ಬೆರಗು. 1929ರಲ್ಲಿ ಬಿಡುಗಡೆಯಾಗಿ ಬಂದ ಅವನ ಬಳಿ ಇದ್ದ ಯೋಚನೆ ಹೀಗಿತ್ತು: ತೋಟಾ ಕೂರುವ ಗೂಡನ್ನು ನಳಿಗೆಯಿಂದ ಬೇರೆ ಮಾಡಿ, ಕೂದಲೆಳೆಯಷ್ಟು ಹಿಂದೆ ಸರಿಯುವಂತೆ ಸಡಿಲ ಬಿಟ್ಟರೆ? ಗುಂಡು ಹೊರಟೊಡನೆ ಹೊಗೆಯ ಒತ್ತಡ ಗೂಡಿನ ಮುಂಬದಿಯ ಮೇಲೆಲ್ಲ ಬಿದ್ದು ಅದನ್ನೇ ಒಂದು ಪಿಸ್ಟನ್ನಿನಂತೆ ಹಿಂದಕ್ಕೆ ಒದೆಯುತ್ತದೆ. ಒದೆತ ಹಲವು ಪಟ್ಟಾಯಿತು. 1937ರ ‘ಸರ್ವಿಸ್ ಏಸ್’ ಈ ಗೂಡಿನೊಡನೆ ಬಂತು, ಚೆನ್ನಾಗಿ ನಡೆಯಿತು ಕೂಡ. ಆದರೆ ನಳಿಗೆಗೂ ಗೂಡಿಗೂ ನಡುವೆ ಬಿಟ್ಟ ಸಂದಿನಲ್ಲಿ ಸೀಸ, ಮಸಿ ತುಂಬಿ ಗೂಡು ಕಚ್ಚಿಕೊಳ್ಳುತ್ತಿತ್ತು. ಆಗ ಮತ್ತೆ ಬಿಚ್ಚಬೇಕು, ಕೆರೆಯಬೇಕು. ಅವನ ಬಾಳಿನ ಮೇಲೆ 1952ರಲ್ಲಿ ಹಾಲಿವುಡ್ ಸಿನಿಮಾ ಬಂತು, ಜೇಮ್ಸ್ ಸ್ಟುವರ್ಟ್ ವಿಲಿಯಮ್ಸನ ಪಾತ್ರ ಮಾಡಿದ.

ರೂಗರ್ ಕತೆಯಲ್ಲಿ ಇಂಥ ಸಿನಿಮಾ ಇಲ್ಲ, ಗ್ಯಾರೇಜು ಇದೆ. ವಿಲಿಯಂ ಬ್ಯಾಟರ್‌ಮನ್ ರೂಗರ್ 1916ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವನು, ಹುಡುಗತನದಿಂದ ಕೋವಿಯ ಹುಚ್ಚು. ಯುದ್ಧಕಾಲದಲ್ಲಿ ಕಂಪನಿಯೊಂದರಲ್ಲಿ ಕೂತು ಹಗುರ ಮೆಷಿನ್‌ಗನ್ ವಿನ್ಯಾಸ ಮಾಡಿದ. ಸೈನ್ಯ ಅದನ್ನು ಕೊಳ್ಳಲಿಲ್ಲ. 1945ರಲ್ಲಿ ಪೆಸಿಫಿಕ್ಕಿನಿಂದ ಮರಳಿದ ಒಬ್ಬ ನೌಕಾಯೋಧನ ಕೈಯಲ್ಲಿದ್ದ ಜಪಾನೀ ‘ಬೇಬಿ ನಂಬು’ ಪಿಸ್ತೂಲು ಅವನ ಕಣ್ಣಿಗೆ ಬಿತ್ತು. ಕೊಂಡು ತಂದು, ಗ್ಯಾರೇಜಿನಲ್ಲಿ ಅದನ್ನೇ ನೋಡಿಕೊಂಡು ಎರಡು ನಕಲು ಮಾಡಿದ. ಮಾರುವ ಉದ್ದೇಶ ಇರಲಿಲ್ಲ. ಆದರೆ ಅದರ ಒಳಗಿನ ಒಂದು ವಿಷಯ ಅವನಿಗೆ ಹಿಡಿಸಿತು: ಬೋಲ್ಟು ಚಚ್ಚೌಕವಲ್ಲ, ಉರುಳೆ. ಅದು ಓಡಾಡುವುದು ಒಂದು ಕೊಳವೆಯೊಳಗೆ.

ಉರುಳೆಯ ಮಹಿಮೆ ಲೇತಿನ ಮುಂದೆ ನಿಂತವರಿಗೆ ಗೊತ್ತು. ದುಂಡನೆಯದನ್ನು ಕಡೆಯುವುದು ಸುಲಭ, ದುಂಡನೆಯ ತೂತು ಕೊರೆಯುವುದೂ ಸುಲಭ. ಚೌಕದ ಒಳಮೈ ಕೆತ್ತಲು ಬೇರೆ ಬೇರೆ ಯಂತ್ರ, ನುರಿತ ಕೈ, ಹೊತ್ತು ಬೇಕು. ಕೋಲ್ಟ್‌ನವರ ಪಿಸ್ತೂಲು ದುಬಾರಿಯಾಗಿದ್ದದ್ದು ಅದಕ್ಕೇ. ನಳಿಗೆಯನ್ನು ಆ ಕೊಳವೆಗೇ ತಿರುಪಿ ಬಿಗಿದರೆ ಇನ್ನೊಂದು ಲಾಭ: ಹಿಂದಿನ ಗುರಿಗಣ್ಣು, ಮುಂದಿನ ಗುರಿಮೊಳೆ ಎರಡೂ ಅಲುಗದ ಒಂದೇ ತುಂಡಿನ ಮೇಲೆ ಕೂರುತ್ತವೆ. ಅದರ ನಿಖರತೆಯ ಗುಟ್ಟು ಇಷ್ಟೇ.

ಹಿಡಿಕೆಗೆ ಅವನು ಇನ್ನೂ ದಿಟ್ಟ ಉಪಾಯ ಹುಡುಕಿದ. ಅಷ್ಟರಲ್ಲಿ ಕನೆಕ್ಟಿಕಟ್ಟಿನ ಸೌತ್‌ಪೋರ್ಟಿನಲ್ಲಿ ಕೈ ಡ್ರಿಲ್ಲು ಮೊದಲಾದ ಬಡಗಿ ಸಾಮಾನು ಮಾಡುವ ಕಾರ್ಖಾನೆ ಇಟ್ಟು ಮುಳುಗಿದ್ದ. ಕೈಯಲ್ಲಿ ಕಾಸಿಲ್ಲ, ದೊಡ್ಡ ಮಿಲ್ಲಿಂಗ್ ಯಂತ್ರಗಳ ಮಾತು ದೂರವೇ ಉಳಿಯಿತು. ಹಾಗಾಗಿ ಉಕ್ಕಿನ ಗಟ್ಟಿ ಕೆತ್ತುವ ಬದಲು ಉಕ್ಕಿನ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಕಡಲೆಕಾಯಿ ಸಿಪ್ಪೆಯ ಎರಡು ಹೋಳುಗಳ ಹಾಗೆ ಎಡಭಾಗ, ಬಲಭಾಗ ಮಾಡಿ, ನಡುವೆ ವೆಲ್ಡಿಂಗ್ ಹೊಡೆಸಿದ. ಚಪ್ಪಟೆ ಪಟ್ಟಿ ಸ್ಪ್ರಿಂಗುಗಳ ಕಡೆ ಹೋಗದೆ ಸುರುಳಿ ತಂತಿಯ ಸ್ಪ್ರಿಂಗು ಹಾಕಿದ. ದುಡ್ಡು ಹಾಕಿದವನು ಅಲೆಕ್ಸಾಂಡರ್ ಸ್ಟರ್ಮ್, ಚಿತ್ರ ಬರೆಯುವ, ಮಕ್ಕಳ ಪುಸ್ತಕ ಮಾಡುವ ಶ್ರೀಮಂತ ಯುವಕ. ಅವನು ಕೊಟ್ಟದ್ದು 50,000 ಡಾಲರ್, ಜೊತೆಗೆ ಕಂಪನಿಯ ಗುರುತಾಗಿ ಒಂದು ಕೆಂಪು ಹದ್ದಿನ ಚಿತ್ರ. 1949ರಲ್ಲಿ 37 ಡಾಲರ್ 50 ಸೆಂಟಿಗೆ ಪಿಸ್ತೂಲು ಮಾರಾಟಕ್ಕೆ ಬಂತು. ‘ಅಮೆರಿಕನ್ ರೈಫಲ್‌ಮನ್’ ಪತ್ರಿಕೆಯ ಜಾಹೀರಾತಿಗೆ ಬಂದ ಬೇಡಿಕೆಯಿಂದಲೇ ಕಂಪನಿ ನಿಂತುಕೊಂಡಿತು. ಸ್ಟರ್ಮ್ 1951ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ. ರೂಗರ್ ಹಿಡಿಕೆಯ ಮೇಲಿನ ಹದ್ದನ್ನು ಕಪ್ಪು ಮಾಡಿಸಿದ.

ಈಗ ಆ ಪ್ಲಾಸ್ಟಿಕ್ ಚೀಲದ ಕಾರಣಕ್ಕೆ ಬರೋಣ. ರೂಗರ್ ಭಾಗಗಳನ್ನು ಕಡಿಮೆ ಮಾಡುವ ಹಟ ಹಿಡಿದಿದ್ದ. ಹಿಡಿಕೆಯ ಹಿಂಬದಿಯಲ್ಲಿ ಒಂದು ಉದ್ದನೆಯ ತುಂಡು ಇದೆ. ಹ್ಯಾಮರಿನ ಸ್ಪ್ರಿಂಗು ಕೂತಿರುವುದು ಅದರೊಳಗೆ. ಅದೇ ತುಂಡಿನ ತುದಿಯಿಂದ ಮೇಲಕ್ಕೆ ಎದ್ದ ದಪ್ಪ ಪಿನ್ನು ಬೋಲ್ಟನ್ನೂ ಕೊಳವೆಯನ್ನೂ ತೂರಿಕೊಂಡು ಹೋಗಿ ಮೇಲ್ಗಡೆ ಇಣುಕುತ್ತದೆ. ಬೋಲ್ಟು ಹಿಂದೆ ಹಾರಿಹೋಗದಂತೆ ತಡೆಯುವುದೂ ಆ ಪಿನ್ನೇ, ಕೊಳವೆಯನ್ನು ಹಿಡಿಕೆಗೆ ಕಟ್ಟಿಹಾಕುವುದೂ ಅದೇ. ಒಂದು ತುಂಡಿಗೆ ಮೂರು ಕೆಲಸ. ಮಾಡುವವನಿಗೆ ಉಳಿತಾಯ, ಕೆಡಲು ಏನೂ ಇಲ್ಲ, ಪಿಸ್ತೂಲು ಬಂಡೆಯಷ್ಟು ಗಟ್ಟಿ.

ಬಿಚ್ಚುವವನಿಗೆ ಮಾತ್ರ ಮೂರೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಹಿಡಿಕೆಯ ಹಿಂದಿನ ಚಿಲಕವನ್ನು ಸ್ಕ್ರೂಡ್ರೈವರಿನ ತುದಿಯಿಂದಲೋ ಕಾಗದಕ್ಕೆ ಹಾಕುವ ಕ್ಲಿಪ್ಪಿನಿಂದಲೋ ಎಬ್ಬಿಸಬೇಕು, ತುಂಡನ್ನು ಹೊರಗೆ ತಿರುಗಿಸಿ ಪಿನ್ನನ್ನು ಕೆಳಗೆ ಜಗ್ಗಬೇಕು. ಬೋಲ್ಟು ಹಿಂದಿನಿಂದ ಜಾರಿ ಬರುತ್ತದೆ. ಕೊಳವೆ ಹೊಸದರಲ್ಲಿ ಹಿಡಿಕೆಗೆ ಎಷ್ಟು ಬಿಗಿಯಾಗಿ ಕಚ್ಚಿರುತ್ತದೆಂದರೆ ರಬ್ಬರ್ ಸುತ್ತಿಗೆಯ ಪೆಟ್ಟು ಬೇಕು. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ತಿರುಗಿ ಕೂಡಿಸುವಾಗ, ಹ್ಯಾಮರಿನ ಬೆನ್ನಿಗೆ ನೇತಾಡುವ ಒಂದು ಸಣ್ಣ ಕಡ್ಡಿ ಸ್ಪ್ರಿಂಗಿನ ಬಟ್ಟಲಿನೊಳಗೇ ಬೀಳಬೇಕು. ಅದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಭೂಮಿಯ ಸೆಳೆತವೊಂದೇ ಸಹಾಯ: ಒಮ್ಮೆ ಮೂತಿ ಕೆಳಗೆ ಮಾಡಿ ಹ್ಯಾಮರನ್ನು ಮುಂದಕ್ಕೆ ಬೀಳಿಸಿ, ಮತ್ತೊಮ್ಮೆ ಮೂತಿ ಮೇಲೆ ಮಾಡಿ ಕಡ್ಡಿಯನ್ನು ಹಿಂದಕ್ಕೆ ತೂಗಿಸಿ, ಆ ಗಳಿಗೆಯಲ್ಲೇ ತುಂಡನ್ನು ಮುಚ್ಚಬೇಕು. ಕಡ್ಡಿ ತಪ್ಪಿ ಅಡ್ಡಪಿನ್ನಿಗೆ ಸಿಕ್ಕಿದರೂ ಚಿಲಕ ಬಿದ್ದುಬಿಡಬಹುದು. ಎಲ್ಲ ಮುಗಿಯಿತೆಂದು ಬೋಲ್ಟು ಎಳೆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಆಗ ಮೊದಲಿಂದ ಶುರು.

ಗೊತ್ತಿದ್ದವರಿಗೆ ಇದು ಒಂದು ನಿಮಿಷದ ಕೆಲಸ, ನಿಜ. ವರ್ಷಕ್ಕೆ ಎರಡು ಸಲ ಬಿಚ್ಚುವವನಿಗೆ ಪ್ರತಿ ಸಲವೂ ಮೊದಲನೆಯ ಸಲ. ಬಹಳ ಜನ ಬಿಚ್ಚುವುದನ್ನೇ ಬಿಟ್ಟರು. ನಳಿಗೆಯನ್ನು ಮೂತಿಯ ಕಡೆಯಿಂದಲೇ ಒರೆಸಿ, ಒಳಕ್ಕೆ ಎಣ್ಣೆ ಹೊಯ್ದು ಮುಂದುವರಿದರು. ಪಿಸ್ತೂಲೂ ಸಹಿಸಿಕೊಂಡಿತು. ಕಂಪನಿಗೆ ಬದಲಾಯಿಸುವ ಅವಸರ ಬಾರದ್ದಕ್ಕೆ ಕಾರಣ ಇದೇ ಇರಬೇಕೆಂದು ನನ್ನ ಊಹೆ. ಕೊಳಕಿನಲ್ಲೂ ನಡೆಯುವ ಯಂತ್ರದ ಬಗ್ಗೆ ಜನ ಗೊಣಗುತ್ತಾರೆಯೇ ಹೊರತು ಅಂಗಡಿ ಬದಲಿಸುವುದಿಲ್ಲ.

ಅದೇ ಪಿಸ್ತೂಲಿನ ಹೊಸ ಮಾದರಿಯಾಗಿ 1982ರಲ್ಲಿ ಬಂದ ಮಾರ್ಕ್ ಟೂ ಕೊನೆಯ ಈಡಿನ ಮೇಲೆ ಬೋಲ್ಟನ್ನು ತೆರೆದಿಡುವುದನ್ನು ಕಲಿತಿತು, ಬಿಚ್ಚುವ ಪಾಡು ಹಾಗೇ ಇತ್ತು. 2004ರ ಸುಮಾರಿಗೆ ಬಂದ ಮಾರ್ಕ್ ತ್ರೀ ಅದನ್ನು ಇನ್ನಷ್ಟು ಕೆಡಿಸಿತು. ಸುರಕ್ಷತೆಯ ಹೆಸರಿನಲ್ಲಿ, ಮ್ಯಾಗಜಿನ್ ಇಲ್ಲದಾಗ ಹ್ಯಾಮರ್ ಬೀಳದಂತೆ ಒಂದು ತಡೆ ಸೇರಿಸಿದರು. ಬಿಚ್ಚಬೇಕಾದರೆ ಹ್ಯಾಮರ್ ಬಿದ್ದಿರಬೇಕು, ಹ್ಯಾಮರ್ ಬೀಳಬೇಕಾದರೆ ಮ್ಯಾಗಜಿನ್ ಒಳಗಿರಬೇಕು, ಮುಂದಿನ ಹೆಜ್ಜೆಗೆ ಅದು ಹೊರಗಿರಬೇಕು. ಹೀಗೆ ಖಾಲಿ ಮ್ಯಾಗಜಿನ್ನನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಬಿಚ್ಚುವ ಕಷ್ಟ ಇಳಿಸುವ ಕಿಟ್‌ಗಳನ್ನು ಹೊರಗಿನ ಸಣ್ಣ ಕಂಪನಿಗಳು ಮಾರತೊಡಗಿದವು. ಮೂಲ ಕಂಪನಿಯ ಸಾಮಾನಿನ ಗೋಳಿನ ಮೇಲೆ ಬೇರೆಯವರ ವ್ಯಾಪಾರ ನಡೆಯುತ್ತಿದೆಯೆಂದರೆ ಅಲ್ಲಿ ಸರಿಪಡಿಸಬೇಕಾದದ್ದು ಏನೋ ಇದೆ ಎಂದೇ ಲೆಕ್ಕ.

2016ರ ಆರಂಭದಲ್ಲಿ ಸ್ಮಿತ್ ಅಂಡ್ ವೆಸನ್ ಒಂದೇ ತಿರುಪಿನಿಂದ ಬಿಚ್ಚಿಕೊಳ್ಳುವ ‘ವಿಕ್ಟರಿ’ ತಂದಿತು. ಅದೇ ಸೆಪ್ಟೆಂಬರಿನಲ್ಲಿ ರೂಗರ್ ಕಂಪನಿಯ ಮಾರ್ಕ್ ಫೋರ್ ಬಂತು. ಅಷ್ಟು ಹೊತ್ತಿಗೆ ವಿಲಿಯಂ (ಬಿಲ್) ರೂಗರ್ ತೀರಿಹೋಗಿ 14 ವರ್ಷವಾಗಿತ್ತು. ಹೊಸ ಪಿಸ್ತೂಲಿನ ಬೆನ್ನಲ್ಲಿ, ಬೋಲ್ಟಿನ ಕೆಳಗೆ, ಒಳಕ್ಕೆ ಕೂತ ಒಂದು ಗುಂಡಿ. ಮ್ಯಾಗಜಿನ್ ತೆಗೆದು, ಗೂಡು ಖಾಲಿಯಿದೆಯೆಂದು ನೋಡಿ, ಸೇಫ್ಟಿ ಹಾಕಿ ಅದನ್ನು ಒತ್ತಿದರೆ ಇಡೀ ಮೇಲ್ಭಾಗ ಮುಂದಿನ ಕೀಲಿನ ಮೇಲೆ ಬಾಗುತ್ತದೆ, ಬೋಲ್ಟು ಕೈಗೆ ಜಾರುತ್ತದೆ. ಸುತ್ತಿಗೆ ಬೇಡ, ಕ್ಲಿಪ್ಪು ಬೇಡ.

ಇಲ್ಲಿ ಕಂಡುಕೊಂಡದ್ದು ಗುಂಡಿಯಲ್ಲ, ಗುಂಡಿ ಯಾರಿಗಾದರೂ ಹೊಳೆಯುತ್ತದೆ. ಆ ಮೂರು ಕೆಲಸದ ತುಂಡನ್ನು ಬೇರೆ ಬೇರೆ ಮಾಡಬೇಕೆಂಬುದು ನಿಜವಾದ ಶೋಧ. ಹ್ಯಾಮರಿನ ಸ್ಪ್ರಿಂಗು ಹಿಡಿಕೆಯೊಳಗೇ ಇರಲಿ, ಅದನ್ನು ಮುಟ್ಟುವುದೇ ಬೇಡ. ಕಟ್ಟಿಹಾಕುವ ಕೆಲಸವನ್ನು ಮುಂದೆ ಒಂದು ಕೀಲಿಗೆ, ಹಿಂದೆ ಒಂದು ಚಿಲಕಕ್ಕೆ ಹಂಚೋಣ ಎಂದು ಅವರು ತೀರ್ಮಾನಿಸಿದರು. ಹಾಗೆ ಮಾಡಲು 1949ರ ತಗಡಿನ ಎರಡು ಹೋಳುಗಳನ್ನು ಕೈಬಿಟ್ಟು, ಲೋಹದ ಹಿಡಿಕೆಗಳನ್ನು ಗಟ್ಟಿಯಿಂದಲೇ ಕೆತ್ತಬೇಕಾಯಿತು. ಬಿಲ್ ರೂಗರ್‌ಗೆ ಕೈಗೆಟುಕದಿದ್ದ ಕೆಲಸ ಕಂಪ್ಯೂಟರ್ ನಡೆಸುವ ಯಂತ್ರಗಳಿಂದ ಅಗ್ಗವಾಗಿತ್ತು. ಬಡತನದಿಂದ ಹುಟ್ಟಿದ ಉಪಾಯ ಬಡತನ ತೀರಿದ ಮೇಲೂ ಬಹಳ ಕಾಲ ಉಳಿದುಕೊಂಡಿತ್ತು, ಅಷ್ಟೆ.

ಒಂಬತ್ತು ತಿಂಗಳು ಎಲ್ಲ ಚೆನ್ನಾಗಿತ್ತು. 2017ರ ಜೂನ್ ತಿಂಗಳಲ್ಲಿ ಕಂಪನಿಯೇ ಪ್ರಕಟಣೆ ಹೊರಡಿಸಿತು: ಜೂನ್ 1ಕ್ಕೆ ಮೊದಲು ತಯಾರಾದ ಮಾರ್ಕ್ ಫೋರ್ ಯಾವುದನ್ನೂ ಬಳಸಬೇಡಿ, ಸರಿಮಾಡಿಕೊಡುತ್ತೇವೆ. ದೋಷ ಸೇಫ್ಟಿಯದು. ಅದರ ಸನ್ನೆ ಪೂರ್ತಿ ಮೇಲೂ ಅಲ್ಲದೆ ಪೂರ್ತಿ ಕೆಳಗೂ ಅಲ್ಲದೆ ನಡುವೆ ನಿಂತಿರುವಾಗ ಟ್ರಿಗರ್ ಒತ್ತಿದರೆ ಪಿಸ್ತೂಲು ಹಾರದೆ ಇರಬಹುದು. ಬಳಿಕ ಸೇಫ್ಟಿಯನ್ನು ‘ಫೈರ್’ ಕಡೆಗೆ ಸರಿಸಿದಾಗ, ಬೆರಳು ಟ್ರಿಗರಿನ ಮೇಲೆ ಇರದಿದ್ದರೂ, ಅದು ಹಾರಿಬಿಡಬಹುದು. ಜಾಗ್ರತೆಯಿಂದ ಪಿಸ್ತೂಲು ಬಳಸುವವನು ಸೇಫ್ಟಿಯನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ, ಹಾಗೆ ನಿಂತಾಗ ಟ್ರಿಗರ್ ಒತ್ತುವುದೂ ಇಲ್ಲ. ಆದರೆ ಇದು ಕಲಿಯುವವರ ಪಿಸ್ತೂಲು. ಹೆಬ್ಬೆರಳು ಎಲ್ಲಿಯವರೆಗೆ ತಳ್ಳಬೇಕೆಂದು ಇನ್ನೂ ತಿಳಿಯದ ಕೈಗಳಿಗೇ ಅದು ಮೊದಲು ಸಿಗುವುದು.

ಹೊಸ ಮಾದರಿಯನ್ನು ಬಿಡುಗಡೆಯ ದಿನವೇ ಕೊಳ್ಳಬೇಡಿ, ಒಂದು ವರ್ಷ ಕಾಯಿರಿ ಎಂದು ಹಳಬರು ಹೇಳುವುದು ಇಂಥದ್ದಕ್ಕೇ. ಮಾರ್ಕ್ ಟೂ ಇಟ್ಟುಕೊಂಡಿದ್ದವರು ಆ ಜೂನ್ ತಿಂಗಳಲ್ಲಿ ತುಸು ಗತ್ತಿನಿಂದಲೇ ಓಡಾಡಿರಬೇಕು. ಮಾರ್ಕ್ ಫೋರ್ ಕೊಂಡವರು ಸೀರಿಯಲ್ ನಂಬರು ನೋಡಿಕೊಳ್ಳಬೇಕಿತ್ತು. 2017ರಲ್ಲಿ ಮಾಡಿದವು 401ರಿಂದ ಶುರುವಾಗುತ್ತಿದ್ದವು. ಮೊದಲ ಕಂತಿನ, 2016ರ ಪಿಸ್ತೂಲುಗಳ ನಂಬರಿಗೆ ಮಾತ್ರ ಮುಂದೆ ಮೂರು ಅಕ್ಷರಗಳಿದ್ದವು: ಡಬ್ಲ್ಯು, ಬಿ, ಆರ್. ವಿಲಿಯಂ ಬ್ಯಾಟರ್‌ಮನ್ ರೂಗರ್. ವಾಪಸ್ ಕರೆಯುವ ಪಟ್ಟಿಯಲ್ಲಿ ಆ ಅಕ್ಷರಗಳಿದ್ದವೆಲ್ಲ ಸೇರಿದ್ದವು.